ತವರಿನ ಬೋರ್ಡು, ಅತ್ತೆಮನೆಯ ಪ್ರೊಸೆಸರ್ರು

ನಲವತ್ತೇಳು ವರ್ಷದ ಹೆಂಗಸು ಲಾರಿ ಓಡಿಸಬೇಕೆಂದು ಆಸೆಪಟ್ಟರೆ ಅದರಲ್ಲಿ ನಗುವಂಥದ್ದೇನಿದೆ, ನೀವೇ ಹೇಳಿ. ನಾನೇನು ನಿಜವಾದ ಲಾರಿ ಕೇಳಿರಲಿಲ್ಲ, ಕಂಪ್ಯೂಟರ್ ಆಟದೊಳಗಿನ ಲಾರಿ ಕೇಳಿದ್ದೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ, ನಮ್ಮ ಮನೆಯ ಕಾರಿನ ಸ್ಟೇರಿಂಗ್ ಮುಟ್ಟುವ ಯೋಗ ಬರುವುದು ಅದನ್ನು ಒರೆಸುವಾಗ ಮಾತ್ರ. "ಕಬ್ಬಿನ ಟ್ರ್ಯಾಕ್ಟರ್ ಅಡ್ಯಾಡಾಕತ್ತಾವ, ಈಗ ಬ್ಯಾಡ" ಎನ್ನುತ್ತಾರೆ ನಮ್ಮವರು. ಕಬ್ಬು ಮುಗಿದರೆ ಮಳೆ, ಮಳೆ ಮುಗಿದರೆ ಮತ್ತೆ ಕಬ್ಬು. ಹೀಗಿರುವಾಗ ಮಗಳ ಮೊಬೈಲಿನಲ್ಲಿ ಯಾರೋ ದೊಡ್ಡ ಲಾರಿಯೊಂದನ್ನು ಘಾಟಿನಲ್ಲಿ ತಿರುಗಿಸುವುದನ್ನು ನೋಡಿದೆ. ಆ ಆಟಕ್ಕೆ ತಕ್ಕ ಕಂಪ್ಯೂಟರನ್ನು ನಾನೇ ಬಿಡಿಭಾಗ ತಂದು ಜೋಡಿಸುತ್ತೇನೆ ಎಂದು ಅಲ್ಲೇ ಸಾರಿದೆ. "ಮಿಕ್ಸರ್ ಮುಚ್ಚಳ ಕೂಡಸಾಕ ನನ್ನ ಕರೀತಿ, ನೀ ಕಂಪ್ಯೂಟರ್ ಜೋಡಸಾಕಿ?" ಎಂದು ನಮ್ಮವರು ಹೊಟ್ಟೆ ಹಿಡಿದು ನಕ್ಕರು. ನನಗೆ ರೇಗಿತು. "ದೀಪಾವಳಿ ಸೂಟಿ ಮುಗಿಯೂದ್ರಾಗ ಅದು ಚಾಲೂ ಆಗಲಿಲ್ಲಂದ್ರ, ಮತ್ತ ಈ ಜನ್ಮದಾಗ ಸ್ಟೇರಿಂಗ್ ಹೆಸರು ತಗಿಯೂದಿಲ್ಲ" ಎಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ.

ಆಮೇಲೆ ವಿಡಿಯೋ ನೋಡಲು ಕೂತೆ. ಅದರಲ್ಲಿ ಬರುವ ಹುಡುಗರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. "ಪಾರ್ಟುಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿಕೊಳ್ಳಿ, ಅಷ್ಟೇ" ಎನ್ನುತ್ತಾರೆ. ಅಷ್ಟೇ ಅಂತೆ! ಮದರ್‌ಬೋರ್ಡ್ ಎಂಬ ಹಲಗೆಯ ಮೇಲೆ ಪ್ರೊಸೆಸರ್ ಎಂಬ ಬಿಲ್ಲೆ ಕೂಡಬೇಕು, ಆ ಬಿಲ್ಲೆ ಮಾಡುವ ದೊಡ್ಡ ಕಂಪನಿಗಳು ಎರಡು, ಒಂದರ ಬಿಲ್ಲೆ ಇನ್ನೊಂದರ ಹಲಗೆಯ ಮೇಲೆ ಸುತರಾಂ ಕೂಡುವುದಿಲ್ಲ. ಇಷ್ಟು ಬುದ್ಧಿವಂತರು ಇಬ್ಬರೂ ಒಂದೇ ಅಳತೆಯ ಗುಂಡಿ ಇಡಲಿಕ್ಕೆ ಏನು ಧಾಡಿ? ಆದರೂ ನಾನು ಛಲ ಬಿಡದೆ ನೋಟುಬುಕ್ಕಿನಲ್ಲಿ ಎರಡು ಪುಟದ ಪಟ್ಟಿ ಮಾಡಿದೆ. ಬೋರ್ಡು ಇದು, ಪ್ರೊಸೆಸರ್ ಇದು, ಎರಡೂ ಒಂದೇ ಕಂಪನಿಯ ಲೆಕ್ಕದವು. ಕೆಳಗೆ ಕೆಂಪು ಗೆರೆ ಬೇರೆ ಎಳೆದಿದ್ದೆ.

ಆದರೆ ನಮ್ಮ ಕಡೆ ಪಟ್ಟಿ ಹಿಡಿದು ಸೀದಾ ಅಂಗಡಿಗೆ ಹೋಗಲು ಬರುವುದಿಲ್ಲ, ಮೊದಲು ನೆಂಟರನ್ನು ನೆನೆಯಬೇಕು. ಅಥಣಿಯಲ್ಲಿ ನನ್ನ ತಮ್ಮ ಮಹಾವೀರನ ಅಂಗಡಿ ಇದೆ, ನಿಪ್ಪಾಣಿಯಲ್ಲಿ ನನ್ನ ನಾದಿನಿಯ ಗಂಡ ಭರತೇಶ ಅವರ ಅಂಗಡಿ ಇದೆ. ಇಬ್ಬರ ಅಂಗಡಿಯ ನಾಮಫಲಕದ ಮೇಲೂ ಕಂಪ್ಯೂಟರ್ ಎಂಬ ಶಬ್ದವಿದೆ. ಹಿಂದೊಮ್ಮೆ ಮನೆಗೆ ಕ್ಯಾಮೆರಾ ಹಾಕಿಸುವಾಗ ಮರೆತು ತಮ್ಮನ ಕಡೆಯಿಂದ ತರಿಸಿದ್ದಕ್ಕೆ ನಾದಿನಿ ವರ್ಷವಿಡೀ ಮುಖ ತಿರುಗಿಸಿದ್ದಳು. ನಮ್ಮ ಜೈನರ ದಶಲಕ್ಷಣ ಪರ್ವ ಮುಗಿದು ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ ಬಂದು, "ಎಲ್ಲಾ ಕ್ಷಮಾ ಮಾಡೀನಿ ವೈನಿ, ಕ್ಯಾಮೆರಾ ಒಂದ ಬಿಟ್ಟು" ಎಂದು ಅತ್ತಿಗೆಯಾದ ನನಗೆ ಹೇಳಿ ಹೋದಳು. ಈ ಸಲ ಹಾಗಾಗಬಾರದೆಂದು ಬೋರ್ಡನ್ನು ತವರಿಗೆ, ಪ್ರೊಸೆಸರನ್ನು ಅತ್ತೆಮನೆ ಕಡೆಗೆ ಹಂಚಿದೆ. ಉಳಿದ ಡಬ್ಬಿ, ಕಾರ್ಡು, ಪವರ್ ಸಪ್ಲೈ ಎಲ್ಲ ಬೆಳಗಾವಿಯಿಂದ ತಂದೆ. ಅಲ್ಲಿ ನಮಗೆ ನೆಂಟರ ಅಂಗಡಿ ಇಲ್ಲ, ಅದಕ್ಕೇ ಅವೆಲ್ಲ ಒಂದು ತಕರಾರಿಲ್ಲದೆ ಹೊಂದಿದವು.

ಭರತೇಶ ಅವರು ಪಟ್ಟಿಯಲ್ಲಿದ್ದ ಪ್ರೊಸೆಸರನ್ನೇ ತಂದುಕೊಟ್ಟರು. ತಮ್ಮ ಮಾತ್ರ ಬೇರೆ ಬೋರ್ಡು ತಂದು, "ಅಕ್ಕಾ, ನೀ ಬರದದ್ದಕ್ಕಿಂತ ಇದು ಭಾರಿ ಐತಿ" ಎಂದ. ಎತ್ತಿ ಆಡಿಸಿದ ತಮ್ಮ, ಅಷ್ಟು ಪ್ರೀತಿಯಿಂದ ಕೊಡುವಾಗ ಅಲ್ಲಿ ಕೆಂಪು ಗೆರೆ ತೋರಿಸಲಾಗುತ್ತದೆಯೇ? ಒಳ್ಳೆಯದಕ್ಕೆ ಒಳ್ಳೆಯದು ಸೇರಿದರೆ ಒಳ್ಳೆಯದೇ ಆದೀತು ಎಂದುಕೊಂಡೆ. ಪ್ರಯೋಗ ಮಾಡದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ದಿನವೂ ಪಾಠ ಹೇಳುವವಳು ನಾನು.

ಭಾನುವಾರ ಊಟದ ಟೇಬಲ್ ಒರೆಸಿ ಜೋಡಿಸಲು ಕೂತೆ. ಪ್ರೊಸೆಸರಿನ ಹೊಟ್ಟೆ ತುಂಬ ಸಣ್ಣ ಮುಳ್ಳು. ಬೋರ್ಡಿನ ಗುಂಡಿಯ ಮುಚ್ಚಳ ತೆಗೆದರೆ ಅಲ್ಲೂ ಮುಳ್ಳು. ತಿರುಗಿಸಿ ನೋಡಿದೆ, ಕನ್ನಡಕ ಬದಲಿಸಿ ನೋಡಿದೆ, ಮುಳ್ಳಿನ ಮೇಲೆ ಮುಳ್ಳು ಹೇಗೆ ಕೂತೀತು? ಬೋರ್ಡು ಒಂದು ಕಂಪನಿಯ ಲೆಕ್ಕದ್ದು, ಬಿಲ್ಲೆ ಇನ್ನೊಂದರದು. ನಮ್ಮವರು ಚಹಾ ಹೀರುತ್ತ, "ನಿಮ್ಮ ತಮ್ಮನ ಬೋರ್ಡ ಸರಿ ಇಲ್ಲ" ಎಂದರು. "ನಿಮ್ಮ ತಂಗಿ ಗಂಡನ ಪ್ರೊಸೆಸರ್ ಸರಿ ಇಲ್ಲ" ಎಂದೆ. ಹತ್ತು ನಿಮಿಷದಲ್ಲಿ ಜಗಳ ಪ್ರೊಸೆಸರ್ ಬಿಟ್ಟು ನಮ್ಮ ಮದುವೆಯಲ್ಲಿ ಬಡಿಸಿದ ಹೂರಣದ ಹೋಳಿಗೆಯವರೆಗೆ ಹೋಯಿತು. ಸೂಟಿ ಮುಗಿಯಲು ಉಳಿದದ್ದು ನಾಲ್ಕೇ ದಿನ.

ಎರಡರಲ್ಲಿ ಒಂದನ್ನು ವಾಪಸು ಕೊಡಬೇಕು, ಅಂದರೆ ಒಂದು ಕಡೆಯವರ ಮನಸ್ಸು ನೋಯಿಸಬೇಕು. ತಮ್ಮನದನ್ನು ಕೊಟ್ಟರೆ ಅವ್ವ ಅಳುತ್ತಾಳೆ. ನಾದಿನಿ ಮನೆಯದನ್ನು ಕೊಟ್ಟರೆ ನಮ್ಮವರ ಮುಖ ಊದುತ್ತದೆ. ಅವರ ಮುಖ ಹೇಗೂ ಊದಿಯೇ ಇತ್ತು, ನಿಪ್ಪಾಣಿಗೆ ಫೋನ್ ಮಾಡಿದೆ. ಈ ನೆಂಟಸ್ತಿಕೆಯ ಹಗ್ಗದಲ್ಲಿ ಕಟ್ಟಿಸಿಕೊಂಡು ನನ್ನಂಥವಳು ಎಷ್ಟು ಒದ್ದಾಡಬೇಕು ಎಂಬ ಸಂಕಟವನ್ನೂ ಸೇರಿಸಿಯೇ ಹೇಳಿದೆ. ಹೇಳಿ ಮುಗಿಸಿದ ಮೇಲೆ ಭರತೇಶ ಅವರು ನಿಧಾನಕ್ಕೆ ಅಂದರು: "ಖರೇ ಹೇಳಲೇನ್ರಿ ವೈನಿ? ನಮ್ಮ ಅಂಗಡ್ಯಾಗ ಇವನ್ನ ಇಡೂದ ಇಲ್ರಿ. ಪ್ರಿಂಟರ್ ಮಾರೂದು, ಅದಕ್ಕ ಶಾಯಿ ತುಂಬೂದು, ಇಷ್ಟ ನಮ್ಮ ಧಂದೆ. ನೀವು ಕೇಳೀರಿ ಅಂತ ಅಂಗಡಿ ಬಂದ್ ಮಾಡಿ ಕೊಲ್ಲಾಪುರಕ್ಕ ಹೋಗಿ ತಂದೆ."

"ಇಲ್ಲ ಅನ್ನಾಕ ಏನಾಗಿತ್ರಿ?" ಎಂದೆ.

"ವೈನಿ ಕೇಳಿದಾಗ ಇಲ್ಲ ಅನ್ನಾಕ ಬಾಯಿ ಬರತೈತೇನ್ರಿ?"

ಅನುಮಾನ ಬಂದು ತಮ್ಮನಿಗೂ ಫೋನ್ ಹಚ್ಚಿದೆ. ಅವನು ಮಾರುವುದು ಮೊಬೈಲ್ ಕವರು, ಚಾರ್ಜರ್, ಸ್ಪೀಕರು. ಆ ಬೋರ್ಡಿಗಾಗಿ ಸಾಂಗಲಿಯ ನಾಲ್ಕು ಅಂಗಡಿ ತಿರುಗಿ, ಸಿಕ್ಕಿದ್ದನ್ನು "ಭಾರಿ ಐತಿ" ಎಂದು ಕೊಟ್ಟಿದ್ದ. ಇಬ್ಬರನ್ನೂ ಓಡಾಡಿಸಿದವಳು ನಾನೇ ಎಂದು ತಿಳಿದು ನಾಚಿಕೆಯಾಯಿತು, ಸಿಟ್ಟೂ ಬಂತು. ಇಲ್ಲ ಎಂಬ ಎರಡಕ್ಷರ ಹೇಳಲಾಗದ ಗಂಡಸರು ಅಂಗಡಿಯನ್ನಾದರೂ ಯಾಕೆ ಇಡಬೇಕು?

ಭರತೇಶ ಅವರು ಮತ್ತೆ ಕೊಲ್ಲಾಪುರಕ್ಕೆ ಹೋಗಿ ಪ್ರೊಸೆಸರ್ ಬದಲಿಸಿ ತಂದರು. ಸೂಟಿಯ ಕೊನೆಯ ದಿನ ನಿಪ್ಪಾಣಿಗೆ ಹೋಗಿ ಇಸಿದುಕೊಂಡು ಬಂದೆ. ಮಧ್ಯಾಹ್ನ ಕೂಡಿಸಿದೆ, ಸಂಜೆ ಚಾಲೂ ಆಯಿತು. ನಮ್ಮವರು ಬಾಯಿ ತೆರೆದು ನೋಡುತ್ತಿರುವಾಗಲೇ ನನ್ನ ಲಾರಿ ಘಾಟು ಹತ್ತಿತು, ಹತ್ತಿದ ವೇಗದಲ್ಲೇ ಒಂದು ಕಂಬಕ್ಕೆ ಗುದ್ದಿತು, ಆ ಮಾತು ಬೇರೆ.

ಗೆದ್ದೆ, ಖರೆ. ಆದರೆ ಕಂಪ್ಯೂಟರಿನ ಪಕ್ಕದಲ್ಲಿ ಈಗ ಒಂದು ಪ್ರಿಂಟರೂ ಇದೆ. ಪ್ರೊಸೆಸರ್ ಕೈಗಿಡುವಾಗ ಭರತೇಶ ಅವರು, "ಇದೊಂದು ಪೀಸ್ ಭಾಳ ದಿನದಿಂದ ಉಳದೈತಿ, ಒಯ್ತೀರೇನ್ರಿ ವೈನಿ?" ಎಂದು ಕೇಳಿದ್ದರು. ನನಗೆ ಪ್ರಿಂಟರ್ ಬೇಕಿರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನಿನ್ನೆ ತಮ್ಮನ ಫೋನ್ ಬಂದಿತ್ತು. "ಅಕ್ಕಾ, ಅವರ ಕಡೆ ಪ್ರಿಂಟರ್ ತಗೊಂಡಿ ಅಂತ? ನನ್ನ ಕಡೆ ಎರಡು ದೊಡ್ಡ ಸ್ಪೀಕರ್ ಹಂಗ ಬಿದ್ದಾವ ನೋಡು" ಎಂದ. ನಾನೇನು ಹೇಳಿದೆ ಎಂದು ದಯವಿಟ್ಟು ಕೇಳಬೇಡಿ, ನಾಳೆ ಭಾನುವಾರ, ಹತ್ತೂವರೆ ಬಸ್ಸಿಗೆ ಅಥಣಿಗೆ ಹೊರಟಿದ್ದೇನೆ.