ಆಕಾಶದ ಹಡಗಿನ್ಯಾಗ ಇಳಕಲ್ಲ ಸೀರಿ

ಮಂದಿ ಮನ್ಯಾಗ ನಗೋ ಪ್ರಸಂಗ ಎಂದಾರ ಒಮ್ಮೆ ಆಗ್ತಾವ. ನಮ್ಮ ಮನ್ಯಾಗ ವಾರಕ್ಕ ಐದು ದಿವಸ, ಸಂಜಿ ಏಳಕ್ಕ ಸರಿಯಾಗಿ ಆಗ್ತಾವ. ಕಾರಣ ಒಂದು ಧಾರಾವಾಹಿ. ಆಕಾಶದಾಗ ಒಂದು ಹಡಗ, ಅದಕ್ಕೊಬ್ಬ ಕ್ಯಾಪ್ಟನ್, ಅವನ ಕೈಕೆಳಗ ಹತ್ತು ಮಂದಿ. ಗ್ರಹದಿಂದ ಗ್ರಹಕ್ಕ ತಿರುಗ್ತಾರ, ಹೋದಲ್ಲಿ ಒಂದು ಜಗಳ ತಗೀತಾರ, ಅರ್ಧಾ ತಾಸಿನ್ಯಾಗ ಬಗೆಹರಿಸ್ತಾರ. ನಾ ಸಾಲಿಗೆ ಹೋಗೂ ಮೊದಲ ಶುರು ಆಗಿದ್ದಂತ ಅದು. ಈಗ ನನ್ನ ಮಗಳ ಲಗ್ನಾನೂ ಆತು, ಅದು ಇನ್ನೂ ಮುಗಿವಲ್ದು. ಕ್ಯಾಪ್ಟನ್ ಬದಲಾಗ್ತಾರ, ಹಡಗ ಮಾತ್ರ ಅದ.

ನಾನು ದಾಂಡೇಲ್ಯಾಗ ಕಾಗದದ ಮಿಲ್ಲಿನ ಕಟ್ಟಿಗಿ ಯಾರ್ಡಿನ್ಯಾಗ ಕೆಲಸ ಮಾಡಾಂವ. ಸೆಕೆಂಡ್ ಶಿಫ್ಟ್ ಇದ್ದ ವಾರ ಮರುದಿವಸ ಮುಂಜಾನಿ ಮತ್ತ ಹಾಕ್ತಾರಲ್ಲ, ಅದನ್ನ ನೋಡ್ತೇನಿ. ನನ್ನ ಜೋಡಿ ನಮ್ಮವ್ವ. ಅಕಿ ಎರಡೂ ಕಣ್ಣಿಗೆ ಪೊರಿ ಬಂದಿತ್ತು. ಟೀವಿ ಮುಂದ ಕುಂತ್ರ ಬಣ್ಣ ಅಷ್ಟ ಕಾಣ್ತಿದ್ದವು, ಮಾರಿ ಕಾಣ್ತಿದ್ದಿಲ್ಲ. ಮ್ಯಾಲ ಧಾರಾವಾಹಿ ಹಿಂದ್ಯಾಗ ಬರ್ತಿತ್ತು. ಅವ್ವಗ ಹಿಂದಿ ಬರೂದಿಲ್ಲ, ನಂಗ ಅರ್ಧಾ ಬರ್ತೈತಿ. ಹಿಂಗಾಗಿ ನೋಡಿ ಹೇಳೂ ಕೆಲಸ ನಂದು. ಎಲ್ಲಾ ಫಜೀತಿ ಅಲ್ಲೇ ಶುರು ಆತು.

೧. ಸೀರಿ

ಹಡಗಿನ್ಯಾಗ ಕ್ಯಾಪ್ಟನ್ ಕೈಕೆಳಗ ಒಬ್ಬಾಕಿ ಅಧಿಕಾರಿ. ಮೈಗೆ ಅಂಟಿದಂಥಾ ಕೆಂಪು ಪ್ಯಾಂಟು, ಕೆಂಪು ಅಂಗಿ. ಅವ್ವ ಟೀವಿ ಮುಂದ ಕೂಡಬೇಕಾದ್ರೂ ತಲಿ ಮ್ಯಾಲಿನ ಸೆರಗ ತಗಿಯೂದಿಲ್ಲ.

"ಆಕಿ ಏನ ಉಟ್ಟಾಳೋ? ಕೆಂಪಗ ಕಾಣಾಕತ್ತೈತಿ," ಅಂದ್ಲು.

ಹೆತ್ತ ತಾಯಿ ಮುಂದ ಆ ಪ್ಯಾಂಟಿನ ವರ್ಣನಾ ಹೆಂಗ ಮಾಡ್ಲಿ ಹೇಳ್ರಿ? "ಇಳಕಲ್ಲ ಸೀರಿ ಬೇ," ಅಂದುಬಿಟ್ಟೆ.

"ಸೆರಗ?"

"ತಲಿ ತುಂಬ ಹೊತ್ಕೊಂಡಾಳ."

ಒಂದು ಸುಳ್ಳ ಹೇಳಿದ ಮ್ಯಾಲ ಬಾಯಿ ಸಡಿಲ ಆತು. ಕ್ಯಾಪ್ಟನ್ ನುಣ್ಣಗ ಬೋಳಿಸ್ಕೊಂಡಾಂವ. ಬೋಳ ಮಾರಿಯವನ ಮಾತು ಹಡಗಿನ ಮಂದಿ ಯಾಕ ಕೇಳ್ತಾರ ಅಂತ ಅವ್ವಗ ಅನುಮಾನ ಬರಬಾರ್ದು ನೋಡ್ರಿ, ಅದಕ್ಕ ಅವಗ ದಪ್ಪಾನ ಮೀಸಿ ಕೊಟ್ಟೆ. ಮರುದಿವಸ ನಳದ ಕಡೆ ಅವ್ವ ಓಣಿ ಹೆಣ್ಮಕ್ಕಳ ಮುಂದ ಹೇಳಾಕತ್ತಿದ್ಲು, "ನೀವು ಪ್ಯಾಟಿಗೆ ಹೋದ್ರ ಸೆರಗ ಜಾರಸ್ತೀರಿ. ಅಕಿ ನೋಡ್ರಿ, ಆಕಾಶಕ್ಕ ಹೋದ್ರೂ ಬಿಟ್ಟಿಲ್ಲ!"

ನನ್ನ ಹೆಂಡತಿ ಕೊಡಾ ಇಳಿಸಿ ಒಳಗ ಬಂದು, "ನಾಳೆ ಕುಬಸದ ಖಣ ಯಾವ ಊರಿಂದು ಅಂತ ಕೇಳಿದ್ರ ಏನ ಹೇಳಾವ್ರು?" ಅಂದ್ಲು. ಅವ್ವ ಖರೇನ ಕೇಳಿದ್ಲು. ಗುಳೇದಗುಡ್ಡದ್ದು ಅಂತ ಹೇಳಿದೆ.

೨. ಗ್ರಹದಾಗಿನ ನಿಲಗಿರಿ

ಯಾರ್ಡಿನ್ಯಾಗ ನನಗೊಬ್ಬ ಗೆಳೆಯ ಅದಾನ, ಹಳಿಯಾಳ ಕಡೆ ಸಿದ್ದಿ ಮನಿತನದಾಂವ. ಲಾರಿಯಿಂದ ಇಳಿಯೂ ಮೊದಲ ಕಟ್ಟಿಗಿ ಯಾವುದು, ಎಷ್ಟು ವರ್ಷದ್ದು ಅಂತ ಹೇಳಾಂವ. ಒಂದಿವಸ ಸಂಜಿ ಚಹಾಕ್ಕ ಬಂದ. ಟೀವ್ಯಾಗ ಹಡಗ ಒಂದು ಹೊಸಾ ಗ್ರಹದ ಮ್ಯಾಲ ಇಳದಿತ್ತು. ಕ್ಯಾಪ್ಟನ್ ಎದಿ ಉಬ್ಬಿಸಿ, "ಇಲ್ಲಿ ಕೋಟಿ ವರ್ಷದಿಂದ ಒಂದು ಜೀವ ಸುಳಿದಿಲ್ಲ, ಕಾಲಿಟ್ಟವ್ರಾಗ ನಾವೇ ಮೊದಲಿಗರು," ಅಂದ.

ನನ್ನ ಗೆಳೆಯ ಕಪ್ ಹಿಡಕೊಂಡು ಟೀವಿ ಹತ್ರ ಹೋದ. ಮೂಗ ಹತ್ತೂವಂಗ ಬಗ್ಗಿದ.

"ಏ, ನಿಲಗಿರಿ!"

"ಎಲ್ಲಿ?"

"ಕ್ಯಾಪ್ಟನ್ ಹಿಂದ. ಐದು ವರ್ಷದ್ದು. ತೊಗಟಿ ಸುಲದೈತಿ ನೋಡು, ಕಡಿಯಾಕ ಬಂದೈತಿ. ಆ ಬಂಡಿಗಲ್ಲ ನೋಡಿದಿ? ಹೋದ ವಾರದ ಗ್ರಹದಾಗ ಅದ ಕಲ್ಲ ಹಸರ ಇತ್ತು, ಈ ವಾರ ಕೆಂಪು ಬಳದಾರ."

ಅವ್ವಗ ಗಾಬರಿ. "ಏನ ಅನ್ನಾಕತ್ತಾನೋ ಅಂವ?"

"ಗ್ರಹ ಚೊಲೋ ಐತಂತ ಬೇ," ಅಂದೆ.

ಗೆಳೆಯ ಬಿಡವಲ್ಲ. ಬೆರಳಿಲೆ ಗಿಡಾ ಎಣಿಸಿದ, ಒಂದರಿಂದ ಒಂದಕ್ಕ ಅಂತರ ಅಳದ. "ಅಲ್ಲೋ ಮಾರಾಯಾ, ಕೋಟಿ ವರ್ಷದಿಂದ ಯಾರೂ ಬಂದಿಲ್ಲಂದ್ರ, ಇಷ್ಟು ಸಾಲ ಹಿಡದು ಹಚ್ಚಿದಾವ್ರ ಯಾರು?"

೩. ಉಳವಿಯ ಹರಕಿ

ಒಂದು ವರ್ಷ ಧಾರಾವಾಹಿ ಕೆಟ್ಟ ಜಾಗಾದಾಗ ನಿಂತುಬಿಡ್ತು. ಹಡಗಿಗೆ ಬೆಂಕಿ ಬಿತ್ತು. ಎಲ್ಲಾರೂ ಎಡಕ್ಕ ಒಮ್ಮೆ ಬಲಕ್ಕ ಒಮ್ಮೆ ಬಿದ್ದು ಒದ್ದಾಡಿದ್ರು. ಮೇಜಿನ ಮ್ಯಾಲಿನ ಚಹಾದ ಕಪ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕ್ಯಾಪ್ಟನ್ ಹೊಗಿಯೊಳಗ ಕಾಣದಂಗ ಆದ. ಅಷ್ಟಕ್ಕ ಬಂದ್. ಮುಂದಿಂದು ಆರು ತಿಂಗಳ ಆದ ಮ್ಯಾಲ ಅಂದ್ರು.

ಅವ್ವಗ ಎರಡು ದಿವಸ ಊಟ ಸೇರಲಿಲ್ಲ. ಅಂವ ಉಳದು ಬಂದ್ರ ಉಳವಿ ಚನ್ನಬಸವಣ್ಣಗ ಕಾಯಿ ಒಡಸ್ತೇನಿ ಅಂತ ಹರಕಿ ಹೊತ್ಲು. ಅಂವ ಉಳದಾ ಬಂದ, ಬರಲಾರದ ಎಲ್ಲಿಗೆ ಹೋಗ್ತಾನ! ನಾನು ಒಂದು ದಿವಸ ರಜಾ ಹಾಕಿ, ಜೋಯಿಡಾ ದಾಟಿ, ಬಸ್ಸಿನ್ಯಾಗ ಅಕಿನ್ನ ಕರಕೊಂಡು ಹೋದೆ.

ಗುಡಿಯಾಗ ಪೂಜಾರಪ್ಪ ಕಾಯಿ ಇಸ್ಕೊಂಡು, "ಯಾರ ಸಲುವಾಗ್ರಿ ಅಮ್ಮಾರ?" ಅಂದ್ರು.

"ಕ್ಯಾಪ್ಟನ್ ಸಲುವಾಗಿ, ಯಪ್ಪಾ. ಬೆಂಕ್ಯಾಗ ಸಿಕ್ಕು ಉಳದ್ ಬಂದಾನ."

ಪೂಜಾರಪ್ಪ ನನ್ನ ಮಾರಿ ನೋಡಿದ್ರು. ನಾ ಕಂಬ ನೋಡಿದೆ. "ಮಿಲ್ಟ್ರ್ಯಾಗ ಅದಾನೇನ್ರಿ? ಎಲ್ಲಿರ್ತಾನ?"

"ಭಾಳ ದೂರ."

"ಕಾಶ್ಮೀರ?"

ಅವ್ವ ಮ್ಯಾಲ ಕೈ ಮಾಡಿ ನಿಟ್ಟುಸಿರ ಬಿಟ್ಲು. "ಇಲ್ರೀ ಯಪ್ಪಾ, ಅಲ್ಲಿ ಮಟಾ ಬಸ್ ಹೋಗೂದಿಲ್ಲ."

೪. ಇಂದೂರದ ಟೀವಿ

ಮುಂಡಗೋಡ ಹತ್ರ ಇಂದೂರದಾಗ ನನ್ನ ತಂಗೀನ್ನ ಕೊಟ್ಟೇವಿ. ಅವ್ವ ಹದಿನೈದು ದಿವಸ ಅಲ್ಲಿ ಇದ್ದು ಬಂದ್ಲು. ನನ್ನ ತಂಗಿ ಹರಿಶ್ಚಂದ್ರನ ಸಂತಾನ, ಇದ್ದದ್ದನ್ನ ಇದ್ದಂಗ ಹೇಳಾಕಿ. ಸೀರಿ ಇಲ್ಲ, ಮೀಸಿ ಇಲ್ಲ, ಏನೂ ಇಲ್ಲ ಅಂತ ಎಲ್ಲಾ ಒದರಿಬಿಟ್ಟಿದ್ಲು.

ಅವ್ವ ಬಸ್ ಇಳದಾಕಿನ, "ಅಕಿಗೊಂದು ಹೊಸಾ ಟೀವಿ ಕೊಡಸೋ," ಅಂದ್ಲು. "ಇಂದೂರದ ಟೀವ್ಯಾಗ ಮೀಸಿ ಸುದ್ದಾ ಬರೂದಿಲ್ಲ."

ನಕ್ಕೆ. ಆದ್ರ ಅದ ದಿವಸ ಸಂಜಿ ಅವ್ವ ಚಹಾ ಸೋಸಾಕ ಹೋಗಿ ಕಪ್ ಬಿಟ್ಟು ಕೈ ಮ್ಯಾಲ ಸುರಕೊಂಡ್ಲು. ಆಗ ನಗು ಹಾರಿಹೋತು. ಧಾರವಾಡದಾಗ ಕಣ್ಣಿನ ಡಾಕ್ಟರ್ ನೋಡಿ, "ಪೊರಿ ಪೂರಾ ಬಲತಾವ. ಇನ್ನ ತಡಾ ಮಾಡಬ್ಯಾಡ್ರಿ, ಇದ್ದ ನೋಟಾನೂ ಹೋದೀತು. ಮೊದಲ ಒಂದು ಕಣ್ಣ ಮಾಡೂಣು," ಅಂದ್ರು.

ಅವ್ವ ಸುತರಾಂ ಒಪ್ಪಲಿಲ್ಲ. "ಕಣ್ಣಿಗೆ ಕತ್ತರಿ ಹಚ್ಚಿಸ್ಕೊಳ್ಳೂದಿಲ್ಲ" ಅಂತ ಹಟಾ ಹಿಡದ್ಲು. ಹೆಂಡತಿ ಹೇಳಿದ್ಲು, ತಂಗಿ ಫೋನ್ ಹಚ್ಚಿ ಅತ್ತಳು. ಉಹುಂ. ಸುಟ್ಟ ಕೈಗೆ ನಾನ ದಿನಾ ಮುಲಾಮ ಹಚ್ಚತಿದ್ದೆ.

೫. ಕ್ಯಾಪ್ಟನ್ ಕಣ್ಣು

ಆ ವಾರದ ಕಥ್ಯಾಗ ಕ್ಯಾಪ್ಟನ್ ಇಂಜಿನ್ ಕೆಟ್ಟೈತಂತ ಮೆಕ್ಯಾನಿಕ್ ಜೋಡಿ ಬೈದಾಡಾಕತ್ತಿದ್ದ. ನಾ ಹೇಳಿದ್ದು ಬ್ಯಾರೆ.

"ಯವ್ವಾ, ಕ್ಯಾಪ್ಟನ್ನಗ ಕಣ್ಣ ಪೊರಿ ಬಂದೈತಿ."

ಅವ್ವ ನೆಟ್ಟಗಾದ್ಲು. "ಅಯ್ಯ ಶಿವನ! ಮತ್ತ ಹಡಗ ಯಾರ ಹೊಡೀತಾರೋ?"

"ಅದಕ್ಕ ಆಪರೇಶನ್ ಮಾಡಸ್ಕೋಳಾಕತ್ತಾನ."

"ಅಂಜವಲ್ಲನು?"

"ಮೊದಲ ಅಂಜಿದ್ದ. ಈಗ ಆತು ನೋಡು, ಎದ್ದ. ನೆಲದ ಮ್ಯಾಲ ಹರಿಯೂ ಇರಬಿ ಸುದ್ದಾ ಕಾಣಾಕತ್ತೈತಂತ."

ಅವ್ವ ಸೆರಗ ಸರಿ ಮಾಡ್ಕೊಂಡ್ಲು. "ಅಂವ ಅಷ್ಟ ದೂರ ಹೋಗಿ ಮಾಡಸ್ಕೊಂಡಾನ, ನಂಗ ಧಾರವಾಡ ಏನ ದೂರಲೇ? ನಡಿ, ಹೋಗೂಣು."

ಆಪರೇಶನ್ ಆತು. ಮರುದಿವಸ ಪಟ್ಟಿ ಬಿಚ್ಚಿ ಡಾಕ್ಟರ್ ಕೈ ಮುಂದ ಹಿಡದು, "ಎಷ್ಟು ಬೆರಳ ಅದಾವ ಹೇಳ್ರಿ ಅಜ್ಜಿ?" ಅಂದ್ರು. ನಾ ದಂಡಿಗೆ ನಿಂತಿದ್ದೆ.

ಅವ್ವ ಬೆರಳ ನೋಡಿದ್ಲು, ಡಾಕ್ಟರನ್ನ ನೋಡಿದ್ಲು. "ಬೆರಳ ಇರ್ಲಿ, ಅಂಗಿ ಗುಂಡಿ ಒಂದು ಮ್ಯಾಲ ಒಂದು ಕೆಳಗ ಹಾಕೀಯಲ್ಲೋ ತಮ್ಮಾ."

ಡಾಕ್ಟರ್ ನಕ್ಕರು, ನರ್ಸ್ ನಕ್ಕಳು. ನಾನು ನಗಾಕ ಹೋದವ ಅತ್ತುಬಿಟ್ಟೆ. ತಿರುಗಿ ಬರೂ ಬಸ್ಸಿನ್ಯಾಗ ಹಳಿಯಾಳ ದಾಟೂ ತನಕ ಅವ್ವ ಕಿಡಕಿ ಹೊರಗ ಕಂಡ ಎಮ್ಮಿ, ಬೋರ್ಡು, ಒಣಗಾಕಿದ ಬಟ್ಟಿ ಎಲ್ಲಾ ನಂಗ ತೋರಿಸ್ಕೋತ ಬಂದ್ಲು. ಆಮ್ಯಾಲ ನಂಗ ನೆನಪಾತು. ಏಳು ಗಂಟೆಗೆ ಟೀವಿ ಹಚ್ಚೂದೈತಿ!

೬. ಹೊಸಾ ಕಣ್ಣು

ನಾಲ್ಕು ದಿವಸ ಡಾಕ್ಟರ್ ಟೀವಿ ಬ್ಯಾಡ ಅಂದಾರ ಅಂತ ತಪ್ಪಿಸಿದೆ. ಐದನೇ ದಿವಸ ಅವ್ವ ತಾನ ರಿಮೋಟ್ ಹಿಡದು ಕುಂತ್ಲು. ಹೆಂಡತಿ ಮಜಾ ನೋಡಾಕ ಬಾಗಿಲಿಗೆ ಬಂದು ನಿಂತ್ಲು.

ಅಧಿಕಾರಿ ಹೆಣ್ಮಗಳು ಬಂದ್ಲು. ಅವ್ವ ಮುಂದ ಬಗ್ಗಿ ನೋಡಿದ್ಲು. ಕ್ಯಾಪ್ಟನ್ ಬಂದ. ಮತ್ತಷ್ಟು ಬಗ್ಗಿದ್ಲು. ನನ್ನ ಕಡೆ ತಿರುಗಲಿಲ್ಲ.

"ಸೀರಿ?"

"ಇಲ್ಲ ಬೇ."

"ಮೀಸಿ?"

"ಇಲ್ಲ."

"ಅಂವ ಆಪರೇಶನ್ ಮಾಡಸ್ಕೊಂಡಿದ್ದು?"

"ಅದೂ ಸುಳ್ಳ ಬೇ. ನೀ ಒಪ್ಪಲಿ ಅಂತ ಹೇಳಿದೆ. ತಪ್ಪಾತು."

ಅವ್ವ ಬೈಯಲಿಲ್ಲ. ಹತ್ತು ನಿಮಿಷ ಟೀವಿ ನೋಡಿದ್ಲು. ಟೀವ್ಯಾಗ ಇಬ್ಬರು ನಿಂತು ಒಂದ ಸವನ ಮಾತಾಡ್ತಿದ್ರು. ಅವ್ವ ಆಕಳಿಸಿದ್ಲು.

"ಮುಂದಿನ ತಿಂಗಳ ಎರಡನೇ ಕಣ್ಣಿಂದು ಐತಿ ಬೇ," ಅಂತ ಮಾತು ಬದಲಿಸಾಕ ನೋಡಿದೆ.

"ಅದನ್ನ ಮುಟ್ಟಬ್ಯಾಡ್ರಿ," ಅಂದ್ಲು. ಹೊಸಾ ಕಣ್ಣಿಗೆ ಮೆತ್ತಗ ಅಂಗೈ ಮುಚ್ಚಿದ್ಲು. ಪೊರಿ ಇದ್ದ ಕಣ್ಣ ಟೀವಿ ಕಡೆ ತಿರುಗಿಸಿ ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ಲು. "ಮನಿ ಕೆಲಸಕ್ಕ ಒಂದು ಕಣ್ಣ ಸಾಕು. ಇದು ನಿನ್ನ ಕಥಿ ನೋಡಾಕ ಇರ್ಲಿ. ಹೂಂ, ಹೇಳು."