ಎಡಗಡೆಯ ಮೌನ

ಕೇಳುವ ವಿದ್ಯೆಯಲ್ಲಿ ಈ ಊರಿನಲ್ಲಿ ತನ್ನನ್ನು ಮೀರಿಸುವವರಿಲ್ಲ, ಈ ಭಾನುವಾರ ಅದನ್ನು ತೋರಿಸಿಯೇ ಬಿಡುವುದು ಎಂದು ಕನ್ನಡಕದ ಅಂಗಡಿಯವರು ಶಪಥ ಮಾಡಿದರು. ಸಾಮಾನ್ಯ ಶಪಥವಲ್ಲ, ಹಲ್ಲುಜ್ಜುತ್ತಾ, ಬಾಯಿ ತುಂಬ ನೊರೆ ಇಟ್ಟುಕೊಂಡು, ಕನ್ನಡಿಯ ಎದುರು ಮಾಡಿದ್ದು!

ಅವರದೊಂದು ಜಾಝ್ ಬಳಗ, ಒಟ್ಟು ಎಂಟು ಜನ. ನಿನ್ನೆ ಯಾವ ರೆಕಾರ್ಡ್ ಕೇಳಿದೆ, ಏನನಿಸಿತು ಎಂದು ಪ್ರತಿಯೊಬ್ಬರೂ ದಿನಾ ಬೆಳಿಗ್ಗೆ ಫೋನಿನ ಗ್ರೂಪಿನಲ್ಲಿ ನಾಲ್ಕು ಸಾಲು ಬರೆಯಬೇಕು. ಕನ್ನಡಕದವರು ನಲವತ್ತು ಬರೆಯುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಒಬ್ಬರ ಮನೆಯಲ್ಲಿ ಸೇರಿ, ಮುಂದಿನ ವರ್ಷ ಬಳಗ ಕೇಳಬೇಕಾದ ರೆಕಾರ್ಡುಗಳನ್ನು ಆರಿಸುವ ಹಿರಿತನವನ್ನು ಒಬ್ಬರಿಗೆ ಕೊಡುವುದು ರೂಢಿ. ಹನ್ನೊಂದು ವರ್ಷ ಕಾದರೂ ಆ ಪಟ್ಟ ಇವರಿಗೆ ಸಿಕ್ಕಿರಲಿಲ್ಲ. ಈ ಸಲ ಸಭೆ ಇವರ ಮನೆಯಲ್ಲೇ.

ಬ್ರಹ್ಮಾಸ್ತ್ರವೂ ಸಿದ್ಧವಿತ್ತು. ಕಳೆದ ತಿಂಗಳು ಕೊಂಡ ಒಂದು ಹಳೆಯ ರೆಕಾರ್ಡ್. ಕವರಿನ ಮೇಲೆ ನಾಲ್ವರ ಚಿತ್ರ, ಕೇಳಿದರೆ ಸ್ಯಾಕ್ಸೊಫೋನ್, ಬಾಸ್ ನುಡಿಸುವ ಇಬ್ಬರೇ! ಡ್ರಮ್ ಇಲ್ಲ, ಪಿಯಾನೋ ಇಲ್ಲ. "ಇಬ್ಬರು ನುಡಿಸುತ್ತಾರೆ, ಇಬ್ಬರು ಸುಮ್ಮನಿರುತ್ತಾರೆ. ಸುಮ್ಮನಿರುವುದಕ್ಕೇ ಹೆಚ್ಚು ಸಾಧನೆ ಬೇಕು" ಎಂದು ಕನ್ನಡಕದವರು ಬರೆದರು. ಆರು ಜನ "ನಿಜ, ನಿಜ" ಎಂದರು. ಕಾಲೇಜಿನ ದಿನಗಳಲ್ಲಿ ಡ್ರಮ್ ಬಾರಿಸಿದ್ದ ಹಲ್ಲಿನ ಡಾಕ್ಟರು ಮಾತ್ರ "ಬಂದು ಕೇಳ್ತೀನಿ" ಎಂದರು.

ಭಾನುವಾರ ಮಧ್ಯಾಹ್ನ ರೆಕಾರ್ಡ್ ತಿರುಗಿತು.

"ಕೇಳಿ, ಆ ಮೌನ ಕೇಳಿ!" ಕನ್ನಡಕದವರು ಪಿಸುಗುಟ್ಟಿದರು. ಬಳಗದಲ್ಲೊಬ್ಬರಾದ ಪ್ರಿಂಟಿಂಗ್ ಪ್ರೆಸ್ಸಿನವರು ಕಣ್ಣೊರೆಸಿಕೊಂಡರು. ಡಾಕ್ಟರು ಎದ್ದು, ದವಡೆಹಲ್ಲು ನೋಡುವವರಂತೆ ಟಾರ್ಚ್ ಹಿಡಿದು, ಎಡಗಡೆಯ ಸ್ಪೀಕರಿನ ಹಿಂದೆ ಬಗ್ಗಿದರು.

"ಸಾರ್, ನಿಮ್ಮ ಮೌನದ ವೈರು ಕಳಚಿದೆ."

ಸಿಕ್ಕಿಸಿದರು. ಧಡಾರ್! ಡ್ರಮ್ ಬಡಿಯಿತು, ಪಿಯಾನೋ ಓಡೋಡಿ ಬಂತು, ಪ್ರೆಸ್ಸಿನವರ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಹಳೆಯ ಸ್ಟೀರಿಯೊ ರೆಕಾರ್ಡುಗಳಲ್ಲಿ ಅರ್ಧ ತಂಡ ಎಡ ಸ್ಪೀಕರಿನಲ್ಲಿ, ಅರ್ಧ ಬಲದಲ್ಲಿ ಇರುವುದುಂಟು. ಒಂದು ತಿಂಗಳಿಂದ ಇವರು ಅರ್ಧ ತಂಡವನ್ನು ಕೇಳಿ ಇಡೀ ಪುರಾಣ ಬರೆದಿದ್ದರು! "ನಿಜ, ನಿಜ" ಎಂದಿದ್ದ ಆರು ಜನ ಫ್ಯಾನ್ ನೋಡುತ್ತಾ ಕುಳಿತರು.

"ಯಾರು ಕಿತ್ತಿದ್ದು ಈ ವೈರು?" ಕನ್ನಡಕದವರು ಗುಡುಗಿದರು.

"ನಾನೇ ರೀ." ಪಕ್ಕದ ಕೋಣೆಯಿಂದ, ಬೆರಳ ಸಂದಿಯಲ್ಲಿ ಕೆಂಪು ಪೆನ್ನು ಹಿಡಿದು, ಟೀಚರ್ ಹೆಂಡತಿ ಬಂದರು. "ಈ ರೆಕಾರ್ಡ್ ಬರೋ ಮುಂಚೆ, ಸಂಜೆ ಪೇಪರ್ ತಿದ್ದೋವಾಗ ನಿಮ್ಮ ಬೇರೆ ರೆಕಾರ್ಡುಗಳ ಡ್ರಮ್ಮು ಗೋಡೆ ದಾಟಿ ನನ್ನ ತಲೆಗೇ ಬಡೀತಿತ್ತು. ಕಿತ್ತ ದಿನಾನೇ ನಿಮಗೆ ಹೇಳಿದೆ. ಮಾರನೇ ದಿನ ಮತ್ತೆ ಹೇಳಿದೆ."

"ನಾನೇನಂದೆ?"

"ಹ್ಞೂಂ ಅಂದ್ರಿ. ಗ್ರೂಪಿಗೆ ಬರೀತಿದ್ರಿ."

ಕನ್ನಡಕದವರಿಗೆ ನಿಜಕ್ಕೂ ನಾಚಿಕೆಯಾಯಿತು. ಅವರಿಗೆ ಆ ಮಾತು ನೆನಪೇ ಇರಲಿಲ್ಲ, ಎರಡು ಸಲದ ಪೈಕಿ ಒಂದು ಸಲದ್ದೂ.

ಡಾಕ್ಟರು ಮೆತ್ತಗೆ ಕೇಳಿದರು: "ಉಳಿದರ್ಧ ನಿಮಗೂ ಕೇಳಿಸ್ತಿತ್ತಲ್ಲ ಮೇಡಂ, ಏನನಿಸ್ತು?"

"ಎರಡನೇ ಟ್ಯೂನಿನಲ್ಲಿ ಸ್ಯಾಕ್ಸೊಫೋನಿನವರು ಒಂದು ಕಡೆ ಏನೋ ಕೇಳಿ, ಉತ್ತರಕ್ಕೆ ಕಾಯ್ತಾರೆ. ಯಾರೂ ಮಾತಾಡಲ್ಲ. ಪಾಪ, ಮತ್ತೆ ತಾವೇ ಶುರು ಮಾಡ್ತಾರೆ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಈ ಮನೇಲಿ ಅದು ಅರ್ಥ ಆಗೋಕೆ ಜಾಝ್ ಗೊತ್ತಿರಬೇಕಾಗಿಲ್ಲ."

ನಲವತ್ತು ಸಾಲಿನಲ್ಲಿ ತನಗೆ ಹೇಳಲಾಗದ್ದನ್ನು ಇವಳು ನಿಂತ ನಿಲುವಿನಲ್ಲಿ ಹೇಳಿದಳಲ್ಲ ಎಂದು ಕನ್ನಡಕದವರಿಗೆ ಅನಿಸಿತು. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

"ಮುಂದಿನ ವರ್ಷದ ರೆಕಾರ್ಡುಗಳನ್ನ ಮೇಡಮ್ಮೇ ಆರಿಸಲಿ" ಎಂದರು ಡಾಕ್ಟರು. ಆರು ಕೈ ತಟಕ್ಕನೆ ಮೇಲೆದ್ದವು. ಎಲ್ಲರೂ ಕನ್ನಡಕದವರತ್ತ ತಿರುಗಿದರು.

"ಹ್ಞೂಂ" ಎಂದರು ಅವರು.

ಹೆಂಡತಿ ಹುಬ್ಬೇರಿಸಿದರು. "ಕೇಳಿಸಿಕೊಂಡು ಅಂದ್ರಾ?"