ಬಾಲ ಕಚ್ಚಿದ ಗಾಲಿಮನೆ

ಕೈಪಿಡಿಯನ್ನು ಮೊದಲ ಪುಟದಿಂದ ಓದುವ ಗಂಡಸನ್ನು ಮದುವೆಯಾಗಬೇಡ ಎಂದು ನನಗೆ ಯಾರೂ ಬುದ್ಧಿ ಹೇಳಲಿಲ್ಲ. ಹುಡುಗನ ಕೆಲಸವೇನು, ಸಿಟ್ಟು ಎಷ್ಟು, ಕೂದಲು ಇನ್ನೆಷ್ಟು ವರ್ಷ ನಿಲ್ಲಬಹುದು ಎಂದೆಲ್ಲ ವಿಚಾರಿಸಿದ ಹಿರಿಯರು ಇದೊಂದನ್ನು ಕೇಳಲು ಮರೆತರು. ನಮ್ಮವರು ಗಡಿಯಾರ ರಿಪೇರಿ ಮಾಡುತ್ತಾರೆ. ಇಡೀ ದಿನ ಸಮಯದ ಜೊತೆಗೇ ಇದ್ದರೂ ಅವಸರದ ಪರಿಚಯ ಅವರಿಗಾಗಿಲ್ಲ. ಮನೆಗೆ ಇಸ್ತ್ರಿಪೆಟ್ಟಿಗೆ ಬಂದರೂ ‘ನಮ್ಮ ಉತ್ಪನ್ನವನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದಗಳು’ ಎಂಬಲ್ಲಿಂದ ಆರಂಭಿಸಿ ದಿನಕ್ಕೆರಡು ಪುಟದಂತೆ ಪಾರಾಯಣ ನಡೆಯುತ್ತದೆ. ಅಲ್ಲಿಯವರೆಗೆ ನಾವೆಲ್ಲ ಸುಕ್ಕುಸುಕ್ಕಾಗಿಯೇ ಓಡಾಡಬೇಕು. ನಾನು ಬಟ್ಟೆ ಹೊಲಿಯುವವಳು. ಒಮ್ಮೆ ಕಣ್ಣಳತೆ ಸಿಕ್ಕಿತೆಂದರೆ ಕತ್ತರಿ ಹಾಕಿಯೇ ಬಿಡುವ ಜಾತಿ.

ಈ ಮಹನೀಯರು ಗಿರಾಕಿಯೊಬ್ಬರಿಂದ ಹಳೆಯದೊಂದು ಕ್ಯಾಂಪಿಂಗ್ ಟ್ರೈಲರ್ ಕೊಂಡರು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ: ಎರಡು ಮಂಚ, ಒಂದು ಒಲೆ, ಮೊಣಕೈ ತಾಗುವಷ್ಟು ಅಡುಗೆಮನೆ, ಗೋಡೆಯಲ್ಲಿ ನಾಲ್ಕು ಸಾಕೆಟ್ಟು. ನಾನದಕ್ಕೆ ಗಾಲಿಮನೆ ಎಂದು ಹೆಸರಿಟ್ಟೆ, ಎರಡೇ ದಿನದಲ್ಲಿ ಪರದೆ ಹೊಲಿದೆ, ಅದರ ಮೇಲೆ ಜೀವವನ್ನೇ ಇಟ್ಟೆ.

ಅತ್ತೆಯವರಿಗೆ ಮಾತ್ರ ಅದು ಹಿಡಿಸಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರಿನ ಮಾತನ್ನೆಲ್ಲ ಜೋಡಿಸಿ, ಕತ್ತರಿಸಿ ನಿವೃತ್ತರಾದವರು ಅವರು. ಅಡ್ಡ ಮಾತು ಸೇರಿಸಲು ಸಂದು ಸಿಗದಂತೆ ತೀರ್ಪು ಕೊಟ್ಟರು.

“ಒಂದ್ಸಲ ಬರ್ತೀನಿ. ಕೂಸು ಅದ್ರಲ್ಲಿ ಎರಡು ಮಧ್ಯಾಹ್ನ ನೆಮ್ಮದಿಯಾಗಿ ಮಲಗಿದ್ರೆ ಇಟ್ಕೊಳ್ಳಿ. ಇಲ್ದಿದ್ರೆ ಮಾರಿಬಿಡಿ. ರಜೆ ಬಂದಾಗೆಲ್ಲ ನನ್ನ ಮಗಳ ಮನೆಗೇ ಹೋಗೋಣ.”

ಅವರ ಮಗಳು ಎಂದರೆ ನನ್ನ ನಾದಿನಿ. ಆಕೆಯ ಮನೆಯಲ್ಲಿ ನಡುಮನೆಗೊಂದು ಚಪ್ಪಲಿ, ಅಡುಗೆಮನೆಗೆ ಇನ್ನೊಂದು. ನನ್ನ ಕೂಸು ಗಾಜಿನ ಮೇಲೆ ಕೈಯಿಟ್ಟರೆ, ಅವಳು ಕೈ ತೆಗೆಯುವ ಮೊದಲೇ ಒರೆಸುವ ಬಟ್ಟೆ ಬಂದಿರುತ್ತದೆ. ಅಲ್ಲಿ ನಾಲ್ಕು ದಿನ ಇದ್ದು ಬಂದರೆ ನಾನು ನನ್ನ ಮನೆಯಲ್ಲೂ ತುದಿಗಾಲಲ್ಲಿ ನಡೆಯುತ್ತೇನೆ. ಗಾಲಿಮನೆ ಉಳಿಯಲೇಬೇಕಿತ್ತು.

ಉಳಿಸುವ ಭಾರವೆಲ್ಲ ಒಂದು ಮೇಜಿನ ಫ್ಯಾನಿನ ಮೇಲೆ ಬಿದ್ದಿತ್ತು. ಹತ್ತು ತಿಂಗಳಿನ ನನ್ನ ಕೂಸು (ಹಲ್ಲು ಎರಡು, ಹಠ ಮೂವತ್ತೆರಡು ಹಲ್ಲಿನವರಷ್ಟು) ಮಧ್ಯಾಹ್ನ ಎರಡಕ್ಕೆ ಮಲಗಬೇಕೆಂದರೆ ಫ್ಯಾನಿನ ಗುಂಯ್‌ಗುಡುವಿಕೆ ಕೇಳಬೇಕು. ಗಾಳಿ ಬೇಡ, ಸದ್ದು ಬೇಕು. ಚಳಿಯಲ್ಲಿ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸಿಯಾದರೂ ಹಾಕಲೇಬೇಕು. ಹಾಕದಿದ್ದರೆ ಅವಳೂ ಮಲಗುವುದಿಲ್ಲ, ಸುತ್ತಲಿನ ಯಾರೂ ಕೂರುವುದಿಲ್ಲ.

ನಾವು ಹೋಗಲಿದ್ದ ಕೆರೆಯ ದಂಡೆಯಲ್ಲಿ ಟ್ರೈಲರುಗಳಿಗೆಂದು ಸಾಕೆಟ್ಟು ಇಟ್ಟ ವಿದ್ಯುತ್ ಕಂಬವೇ ಇಲ್ಲ. ಕಂಬವಿದ್ದ ಕಡೆ ಗಾಲಿಮನೆಯ ಹಿಂದಿರುವ ದಪ್ಪ ಕೇಬಲನ್ನು ಅದಕ್ಕೆ ಸಿಕ್ಕಿಸಿದರಾಯಿತು: ನಾಲ್ಕೂ ಸಾಕೆಟ್ಟಿಗೆ ಜೀವ ಬರುತ್ತದೆ, ಮಂಚದ ಕೆಳಗಿನ ಚಾರ್ಜರ್ ತಾನಾಗಿ ಬ್ಯಾಟರಿ ತುಂಬಿಸುತ್ತದೆ. ಕಂಬವಿಲ್ಲದಿದ್ದರೆ ಬ್ಯಾಟರಿಯ ಬಲದಲ್ಲಿ ಎರಡು ಸಣ್ಣ ದೀಪ ಉರಿದಾವು, ಸಾಕೆಟ್ಟುಗಳು ಗೋಡೆಯ ಅಲಂಕಾರ ಅಷ್ಟೆ. ಹಾಗಾಗಿ ಇನ್ವರ್ಟರ್ ತರಿಸಿದೆವು. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ, ಬ್ರೆಡ್ಡಿನ ಡಬ್ಬದಷ್ಟು ದೊಡ್ಡ ಹಳದಿ ಪೆಟ್ಟಿಗೆ. ಜೊತೆಗೆ ನಲವತ್ತು ಪುಟದ ಕೈಪಿಡಿ.

ನಮ್ಮವರ ಕಣ್ಣು ಪೆಟ್ಟಿಗೆಯ ಮೇಲೆ ಬೀಳಲೇ ಇಲ್ಲ.

ಪಾರಾಯಣದ ಎಂಟನೆಯ ದಿನ, ನಾನು ಅಡುಗೆಯಲ್ಲಿದ್ದಾಗ, ಕೂಸು ಕೈಪಿಡಿಗೆ ಬಾಯಿ ಹಾಕಿ ಒಂದು ಹಾಳೆಯನ್ನು ನೀಟಾಗಿ ಹರಿದಳು. ಬೈಯಲು ಹೋದವಳು ಹಾಳೆಯ ಅಂಚು ನೋಡಿ ಕರಗಿಹೋದೆ. ಎರಡೇ ಎರಡು ಹಲ್ಲಿನ ಗುರುತು, ಅಕ್ಕಪಕ್ಕ, ಹೊಸ ಸೂಜಿಯ ಮೊದಲ ಹೊಲಿಗೆಯ ಹಾಗೆ. ತೊಡೆಯ ಮೇಲೆ ಕೂರಿಸಿಕೊಂಡು ಮುತ್ತಿಟ್ಟೆ. ಹಾಳೆಯನ್ನು ಒರೆಸಿ, ನನ್ನ ಡೈರಿಯಲ್ಲಿ ಅಂಟಿಸಿ, ಕೆಳಗೆ ‘ಕೂಸು ಹರಿದ ಮೊದಲ ಹಾಳೆ’ ಎಂದು ಬರೆದು ತಾರೀಖು ಹಾಕಿದೆ. (ಅವಳ ಮೊದಲ ಉಗುರು, ಮೊದಲ ಕೂದಲು, ಮೊದಲ ಔಷಧಿಯ ಚೀಟಿ ಎಲ್ಲವೂ ಅದರಲ್ಲಿವೆ. ಡೈರಿ ಈಗ ಮುಚ್ಚಿಕೊಳ್ಳುವುದಿಲ್ಲ.)

ಸಂಜೆ ನಮ್ಮವರು ಹುಬ್ಬು ಗಂಟಿಕ್ಕಿ, ಹದಿನಾಲ್ಕಾದ ಮೇಲೆ ಹದಿನೇಳು ಬಂದಿದೆಯಲ್ಲ ಎಂದರು. ಅಂಥ ಪುಸ್ತಕಗಳಲ್ಲಿ ನಡುವಿನ ಪುಟಗಳಲ್ಲಿ ಬರೀ ಚಿತ್ರಗಳಿರುತ್ತವೆ, ಮುಂದೆ ಓದಿ ಎಂದೆ. ಎಷ್ಟು ಧೈರ್ಯವಾಗಿ ಹೇಳಿದೆನೆಂದರೆ ಅವರು ನಂಬಿದರು. ನಾನೂ ನಂಬಿದೆ.

ಕೆರೆಯ ದಂಡೆ ಮುಟ್ಟಿದ ಮರುದಿನ ಬೆಳಿಗ್ಗೆ ಏಳಕ್ಕೆ ಇನ್ವರ್ಟರನ್ನು ಬ್ಯಾಟರಿಗೆ ಜೋಡಿಸಿದೆವು. ಫ್ಯಾನಿನ ಪ್ಲಗ್ಗನ್ನು ನೇರವಾಗಿ ಪೆಟ್ಟಿಗೆಗೇ ಹಾಕೋಣ ಎನ್ನುವುದು ನಮ್ಮವರ ಅಭಿಪ್ರಾಯ. ಮನೆಯ ಉದ್ದಕ್ಕೂ ವಯರು ಎಳೆದು ಅತ್ತೆಯವರನ್ನು ಎಡವಿಸುವುದೇ? ಗೋಡೆಯಲ್ಲಿ ನಾಲ್ಕು ಸಾಕೆಟ್ಟು ಬಾಯಿ ತೆರೆದು ಕುಳಿತಿವೆ. ಕಂಬಕ್ಕೆ ಸಿಕ್ಕಿಸುವ ದಪ್ಪ ಕೇಬಲು ಗಾಲಿಮನೆಯ ಹಿಂದೆ ಬಾಲದಂತೆ ಜೋತಾಡುತ್ತಿದೆ. ಆ ಬಾಲವನ್ನೇ ತಂದು ಪೆಟ್ಟಿಗೆಯ ಬಾಯಿಗೆ ಕೊಟ್ಟರೆ? ನನ್ನ ತಲೆಗೆ ನಾನೇ ಕೈಮುಗಿಯಬೇಕು ಅನಿಸಿತು.

“ಇನ್ನೂ ಹನ್ನೆರಡು ಪುಟ ಬಾಕಿ ಇದೆ, ಸ್ವಲ್ಪ ತಡಿಯೇ,” ಎಂದರು ನಮ್ಮವರು.

“ನೀವು ಓದಿ ಮುಗಿಸೋ ಹೊತ್ತಿಗೆ ಕೂಸು ತಾನೇ ಓದೋ ಹಾಗಾಗಿರ್ತಾಳೆ ರೀ,” ಎಂದು ನಾನು ಬಾಲ ಸಿಕ್ಕಿಸಿದೆ.

ನಾಲ್ಕೂ ಸಾಕೆಟ್ಟಿಗೆ ಜೀವ ಬಂತು. ಫ್ಯಾನು ತಿರುಗಿತು. ಎಲ್ಲಕ್ಕಿಂತ ಮಿಗಿಲಾಗಿ, ಮಂಚದ ಕೆಳಗೆ ಚಾರ್ಜರಿನ ಹಸಿರು ದೀಪವೂ ಹತ್ತಿಕೊಂಡಿತು. ನನ್ನ ಎದೆ ಒಂದು ಗೇಣು ಅಗಲವಾಯಿತು. ಸಾಕೆಟ್ಟೂ ನಡೆಯುತ್ತಿದೆ, ಬ್ಯಾಟರಿಯೂ ತುಂಬುತ್ತಿದೆ, ಇನ್ನು ಈ ಮನೆಗೆ ಕಂಬದ ಹಂಗೇ ಇಲ್ಲ ಎಂದು ಅತ್ತೆಯವರನ್ನು ಕರೆದು ತೋರಿಸಿದೆ. ಅವರು ಬಗ್ಗಿ ಹಸಿರು ದೀಪವನ್ನೇ ನೋಡಿದರು.

“ಬ್ಯಾಟರಿ ತುಂಬೋ ಕರೆಂಟು ಎಲ್ಲಿಂದ ಬರ್ತಿದೆಯಮ್ಮ?”

“ಇನ್ವರ್ಟರಿಂದ, ಅತ್ತೆ.”

“ಇನ್ವರ್ಟರಿಗೆ?”

“ಬ್ಯಾಟರಿಯಿಂದ.”

“ಹಾಗೋ,” ಎಂದು ಸೊಂಟ ಹಿಡಿದುಕೊಂಡು ಎದ್ದರು. “ತನ್ನ ಹಾಲು ತಾನೇ ಕುಡಿದು ದಪ್ಪಗಾದ ಹಸುನ ನಾನಂತೂ ನೋಡಿಲ್ಲ.”

ನಾನು ನಕ್ಕುಬಿಟ್ಟೆ. ಹೊಲಿಗೆಯವಳ ಸಹನೆ ದೊಡ್ಡದು. ಡೈರಿ ತೆಗೆದು, ಅಂಟಿಸಿದ ಹಾಳೆಯ ಎದುರು ಪುಟದಲ್ಲಿ ಬರೆದೆ: ‘ಪಾಪ, ಅತ್ತೆಯವರ ಕಾಲದಲ್ಲಿ ವಿಜ್ಞಾನ ಇಷ್ಟು ಮುಂದುವರಿದಿರಲಿಲ್ಲ.’

ಬೆಳಿಗ್ಗೆಯೆಲ್ಲ ಹಳದಿ ಪೆಟ್ಟಿಗೆ ಏದುಸಿರು ಬಿಡುತ್ತಿತ್ತು. ಮುಟ್ಟಿದರೆ ಬಿಸಿ. ಪಾಪ, ಮೈಬಗ್ಗಿಸಿ ದುಡಿಯುತ್ತಿದೆ ಎಂದುಕೊಂಡೆ.

ಎರಡು ಗಂಟೆಗೆ ಕೂಸನ್ನು ಮಲಗಿಸಿ ಫ್ಯಾನು ಹಾಕಿದೆ. ರೆಪ್ಪೆ ಭಾರವಾಯಿತು. ಬಾಯಿಯ ಬೆರಳು ಸಡಿಲಾಯಿತು. ನಮ್ಮವರು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತರು. ಅತ್ತೆಯವರು ಗಡಿಯಾರ ನೋಡಿದರು. ಆಗ ಪೆಟ್ಟಿಗೆ, ಬಾಲ ತುಳಿಸಿಕೊಂಡ ನಾಯಿಯ ಹಾಗೆ, ಕುಂಯ್ಯೋ ಎಂದು ಕಿರುಚಿ ಸತ್ತಿತು. ಫ್ಯಾನು ನಿಂತಿತು. ಹಸಿರು ದೀಪ ಆರಿತು. ಕೂಸು ಕಣ್ಣು ಬಿಟ್ಟಳು, ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು, ಆಮೇಲೆ ಶುರು ಮಾಡಿದಳು.

ನಾನು ಬಾಯಲ್ಲಿ ಫ್ಯಾನಿನ ಸದ್ದು ಮಾಡಿದೆ. ನಮ್ಮವರು ಮಾಡಿದರು, ಅವರದು ಗಡಿಯಾರದ ಹಾಗೆ ಟಿಕ್‌ಟಿಕ್ ಎನ್ನುತ್ತಿತ್ತು. ದಂಡೆಯ ಮೇಲಿದ್ದ ಕೊಕ್ಕರೆಗಳೆಲ್ಲ ಎದ್ದು ಹೋದವು. ನನ್ನ ಕಣ್ಣ ಮುಂದೆ ನಾದಿನಿಯ ಮನೆಯ ಎರಡು ಜೊತೆ ಚಪ್ಪಲಿಗಳು ಬಂದು ನಿಂತವು.

ಕೊನೆಗೆ ಅತ್ತೆಯವರು ಕೂಸನ್ನು ಎತ್ತಿಕೊಂಡು, ತುಟಿ ಮುಚ್ಚಿ, ಮೂಗಿನಲ್ಲೇ ಒಂದು ಸದ್ದು ಹೊರಡಿಸಿದರು. ಹಳೆಯ ಟೆಲಿಫೋನ್ ಎತ್ತಿದರೆ ಕಿವಿಗೆ ಬೀಳುತ್ತಿತ್ತಲ್ಲ, ಆ ಸದ್ದು. ಒಂದೇ ಸಮ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂವತ್ತು ವರ್ಷ ಕಿವಿಯಲ್ಲಿ ಇಟ್ಟುಕೊಂಡದ್ದು. ಕೂಸು ಎರಡು ಸಲ ಬಿಕ್ಕಿ, ಅವರ ಹೆಗಲಿಗೆ ಕೆನ್ನೆಯಿಟ್ಟು ಮಲಗಿಬಿಟ್ಟಳು. ಸಮಯ ಸಾಧಿಸುವವಳು ನೋಡುತ್ತಾ ಕೂರುವುದಿಲ್ಲ. ಅಜ್ಜಿಯ ಮನಸ್ಸು ಕರಗಿರುವಾಗಲೇ ಗಾಲಿಮನೆಯ ಅರ್ಜಿ ಹಾಕಬೇಕು. ಡೈರಿ ತೆಗೆದು, ಎರಡು ಹಲ್ಲಿನ ಗುರುತಿದ್ದ ಪುಟವನ್ನು ಬಿಡಿಸಿ, ಅವರ ಕೈಗೆ ನಾನೇ ಕೊಟ್ಟೆ. ಹೌದು, ನಾನೇ.

ಅತ್ತೆಯವರು ಹಲ್ಲಿನ ಗುರುತನ್ನು ಬೆರಳಿನಿಂದ ಸವರಿದರು. ನಕ್ಕರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಕೂಸು ಏಳದಂತೆ ಪಿಸುದನಿಯಲ್ಲಿ ಹಾಳೆಯನ್ನು ಓದತೊಡಗಿದರು.

“ಪುಟ ಹದಿನೈದು. ಎಚ್ಚರಿಕೆ. ಟ್ರೈಲರಿನ ಮುಖ್ಯ ಕೇಬಲನ್ನು ಇನ್ವರ್ಟರಿಗೆ ಜೋಡಿಸುವ ಮೊದಲು ಬ್ಯಾಟರಿ ಚಾರ್ಜರಿನ ಸ್ವಿಚ್ಚನ್ನು ಕಡ್ಡಾಯವಾಗಿ ಆರಿಸಿ. ಇಲ್ಲವಾದರೆ ಬ್ಯಾಟರಿಯು ತನ್ನನ್ನು ತಾನೇ ತುಂಬಿಸಿಕೊಳ್ಳಲು ಹೋಗಿ ಬಹುಬೇಗ ಬರಿದಾಗುವುದು.”

ನಮ್ಮವರು ಮೆಲ್ಲಗೆ, ಒಂದೇ ಬಕೆಟ್ಟಿನ ನೀರನ್ನು ಬೊಗಸೆಯಲ್ಲಿ ತೆಗೆದು ಅದೇ ಬಕೆಟ್ಟಿಗೆ ಸುರಿಯುತ್ತಾ ಕೂತರೆ ಬೆರಳಸಂದಿಯಲ್ಲೇ ಎಲ್ಲ ಸೋರಿಹೋಗುತ್ತದೆ, ಹಾಗಾಗಿದೆ ಎಂದು ವಿವರಿಸಿದರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಕಳೆದುಹೋದ ಪುಟ ಸಿಕ್ಕಿದ ನೆಮ್ಮದಿ ಮಾತ್ರ ಇತ್ತು. ಅದೇ ಹೆಚ್ಚು ಚುಚ್ಚಿತು.

“ಕೂಸು ಮಲಗಿದೆ. ಮಾತಂದ್ರೆ ಮಾತು,” ಎಂದರು ಅತ್ತೆ. “ನಾಳೆನೂ ಮಲಗಿದ್ರೆ ಮನೆ ಇರ್ಲಿ. ಈಗ ಸೆಖೆಯಾಗ್ತಿದೆ ಅವಳಿಗೆ. ಗಾಳಿ ಹಾಕು.”

ಹೀಗೆ ನಾಲ್ಕು ಗಂಟೆಯವರೆಗೆ ಫ್ಯಾನು ನಾನಾದೆ. ಬೀಸಲು ಕೈಗೆ ಸಿಕ್ಕದ್ದು ಆ ಕೈಪಿಡಿಯೇ. ಮರುದಿನ ಬೆಳಿಗ್ಗೆ ನಮ್ಮವರು ಕಾರಿನ ಇಂಜಿನ್ನು ಓಡಿಸಿ ಬ್ಯಾಟರಿ ತುಂಬಿಸಿದರು, ಚಾರ್ಜರ್ ಆರಿಸಿ ಫ್ಯಾನು ಹಾಕಿದರು. ಕೂಸು ಅದರ ಸದ್ದನ್ನು ಎರಡು ನಿಮಿಷ ಆಲಿಸಿ, ತಿರಸ್ಕರಿಸಿ, ಅಜ್ಜಿಯ ಕಡೆಗೆ ಕೈ ಚಾಚಿದಳು. ಟೆಲಿಫೋನ್ ಮತ್ತೆ ಗುಂಯ್‌ಗುಟ್ಟಿತು. ಗಾಲಿಮನೆ ಉಳಿಯಿತು.

ಆ ಗೆಲುವನ್ನು ದಾಖಲಿಸೋಣವೆಂದು ಡೈರಿ ತೆರೆದೆ. ಅಂಟಿಸಿದ ಹಾಳೆಯ ಎದುರು ಪುಟ ಅತ್ತೆಯವರಿಗೆ ಕಂಡಿರಬಹುದೆಂಬುದು ಆವರೆಗೆ ನನಗೆ ಹೊಳೆದೇ ಇರಲಿಲ್ಲ. ವಿಜ್ಞಾನ ಮುಂದುವರಿದಿರಲಿಲ್ಲ ಎಂಬ ನನ್ನ ವಾಕ್ಯದ ಕೆಳಗೆ ಅವರ ದುಂಡನೆಯ ಅಕ್ಷರ ಕುಳಿತಿತ್ತು:

‘ನಿಜ. ನಮ್ಮ ಕಾಲದಲ್ಲಿ ಹಾಳೆಯನ್ನು ಅಂಟಿಸುವ ಮೊದಲು ಓದುತ್ತಿದ್ದೆವು.’